ಊರು ಬಿಟ್ಟವರ ಮೊದಲ ಪಾಠ: ಯಾವ ಬಸ್ಸು, ಯಾವ ಕಡೆ?

ಪ್ರತಿ ವರ್ಷ ಜೂನ್-ಜುಲೈ ತಿಂಗಳು ಬಂತೆಂದರೆ ಕರಾವಳಿಯ ನಮ್ಮ ಚರ್ಚುಗಳಲ್ಲಿ ಒಂದು ದೃಶ್ಯ ಸಾಮಾನ್ಯ. ಭಾನುವಾರದ ಪೂಜೆ ಮುಗಿದ ಮೇಲೆ ತಂದೆ ತಾಯಿ ಮಗನನ್ನೋ ಮಗಳನ್ನೋ ಕರೆದುಕೊಂಡು ಸಾಕ್ರಿಸ್ತಿಯ ಬಾಗಿಲಿಗೆ ಬರುತ್ತಾರೆ. "ಫಾದರ್, ನಾಳೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗ್ತಾಳೆ, ಒಂದು ಆಶೀರ್ವಾದ ಕೊಡಿ" ಎನ್ನುತ್ತಾರೆ. ನಾವು ಶಿರದ ಮೇಲೆ ಕೈಯಿಟ್ಟು ಹರಸುತ್ತೇವೆ. "ಪೂಜೆ ತಪ್ಪಿಸಬೇಡ, ಅಪ್ಪ ಅಮ್ಮನಿಗೆ ಫೋನ್ ಮಾಡು" ಎಂದು ನಾಲ್ಕು ಮಾತು ಹೇಳುತ್ತೇವೆ. ಆದರೆ ಮರುದಿನ ಬೆಳಿಗ್ಗೆ ಐದು ಗಂಟೆಗೆ ಆ ಮಗು ಗೊರಗುಂಟೆಪಾಳ್ಯದ ರಸ್ತೆ ಬದಿಯಲ್ಲಿ ಎರಡು ಬ್ಯಾಗು ಹಿಡಿದು ನಿಂತಾಗ ಯಾವ ಕಡೆಗೆ ಹೋಗಬೇಕು, ಯಾವ ಬಸ್ಸು ಹತ್ತಬೇಕು ಎಂಬುದನ್ನು ನಾವು ಯಾರೂ ಹೇಳಿಕೊಟ್ಟಿರುವುದಿಲ್ಲ.

ಕೆಲವು ಸಮಯದ ಹಿಂದೆ ನಾನು ಮೊದಲು ಸೇವೆಯಲ್ಲಿದ್ದ ಚರ್ಚಿನ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು. ಕೆಲಸ ಹೇಗಿದೆ ಎಂದು ಕೇಳಿದರೆ ಕೆಲಸದ ಮಾತೇ ಆಡಲಿಲ್ಲ. "ಕೆಲಸ ಪರವಾಗಿಲ್ಲ ಫಾದರ್, ಹೋಗಿ ಬರುದೇ ದೊಡ್ಡ ತಲೆಬಿಸಿ" ಎಂದಳು. ಒಂದು ದಿನ ಸರಿಯಾದ ನಂಬರಿನ ಬಸ್ಸನ್ನೇ ಹತ್ತಿದ್ದಾಳೆ, ಆದರೆ ರಸ್ತೆಯ ತಪ್ಪು ಬದಿಯಿಂದ. ಮುಕ್ಕಾಲು ಗಂಟೆ ಕಳೆದು ಊರಿನ ಇನ್ನೊಂದು ಮೂಲೆಗೆ ತಲುಪಿದ ಮೇಲೆಯೇ ಆಕೆಗೆ ಗೊತ್ತಾದದ್ದು.

"ಕಂಡಕ್ಟರನ್ನು ಕೇಳಬಾರದಿತ್ತಾ ಮಾರಾಯ್ತಿ?" ಎಂದೆ.

"ನಾಚಿಕೆ ಆಯ್ತು ಫಾದರ್. ಎಲ್ಲರೂ ಮೊಬೈಲು ನೋಡ್ತಾ ಇದ್ರು. ನನಗೊಬ್ಬಳಿಗೇ ಗೊತ್ತಿಲ್ಲ ಅಂತ ಅನಿಸಿತು."

ಆ ದಿನದ ನಂತರ ಆಕೆ ಬಸ್ಸು ಬಿಟ್ಟು ಆಟೊ ಹಿಡಿದಳು. ತಿಂಗಳ ಕೊನೆಗೆ ಕೈಯಲ್ಲಿ ಉಳಿದ ಸಂಬಳ ನೋಡಿ ನನಗೆ ಫೋನ್ ಮಾಡಿದಳು. ಇದು ಒಬ್ಬಳ ಕತೆಯಲ್ಲ. ಊರು ಬಿಟ್ಟು ನಗರ ಸೇರಿದ ನಮ್ಮ ನೂರಾರು ಯುವಜನರ ಕತೆ. ಮೇಲ್ನೋಟಕ್ಕೆ ಚಿಕ್ಕ ವಿಷಯ. ಆದರೆ ಇದರ ಹಿಂದೆ ಹಣದ, ಸುರಕ್ಷೆಯ ಮತ್ತು ಒಂಟಿತನದ ಪ್ರಶ್ನೆಗಳಿವೆ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹೆಸರಿನ ಬಸ್ಸಿನಿಂದ ನಂಬರಿನ ಬಸ್ಸಿಗೆ

ನಮ್ಮ ಕರಾವಳಿಯ ಮಕ್ಕಳಿಗೆ ಬಸ್ಸು ಹೊಸತಲ್ಲ. ಸಣ್ಣ ತರಗತಿಯಿಂದಲೇ ಬಸ್ಸಿನ ಮೆಟ್ಟಿಲಲ್ಲಿ ನಿಂತು ಶಾಲೆಗೆ ಹೋದವರು ಅವರು. ಹಾಗಿದ್ದೂ ಬೆಂಗಳೂರಿನಲ್ಲಿ ಯಾಕೆ ತಬ್ಬಿಬ್ಬಾಗುತ್ತಾರೆ? ಕಾರಣ ಇದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಇಲ್ಲಿ ಬಸ್ಸಿಗೆ ನಂಬರಿಗಿಂತ ಹೆಸರು ಮುಖ್ಯ. ಏಳೂವರೆಯ ಬಸ್ಸು ತಪ್ಪಿದರೆ ಏಳು ಐವತ್ತರ ಬಸ್ಸು ಯಾವುದು, ಅದರ ಕಂಡಕ್ಟರ್ ಯಾರು ಎಂದು ಸಹ ಗೊತ್ತಿರುತ್ತದೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು, "ಜ್ಯೋತಿ, ಬಲ್ಮಠ, ಕಂಕನಾಡಿ" ಎಂದು ಕೂಗಿ ಕರೆಯುತ್ತಾರೆ. ನಾವು ಬಸ್ಸನ್ನು ಹುಡುಕಬೇಕಾಗಿಲ್ಲ, ಬಸ್ಸೇ ನಮ್ಮನ್ನು ಹುಡುಕುತ್ತದೆ.

ಬೆಂಗಳೂರಿನಲ್ಲಿ ಈ ಲೆಕ್ಕಾಚಾರ ನಡೆಯುವುದಿಲ್ಲ. ಅಲ್ಲಿ ಬಿಎಂಟಿಸಿಯ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿವೆ. ಎಲ್ಲದಕ್ಕೂ ನಂಬರು, ನಂಬರಿನ ಬಾಲಕ್ಕೆ ಒಂದು ಅಕ್ಷರ. ವೈಟ್‌ಫೀಲ್ಡ್, ಕಾಡುಗೋಡಿ ಕಡೆಗೆ ಹೋಗುವವರಿಗೆ 335ಇ ಪರಿಚಿತ. ಬನ್ನೇರುಘಟ್ಟಕ್ಕೆ 365. ಹೊಸೂರು ರಸ್ತೆಯವರಿಗೆ 356ರ ಸಾಲು. ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ 500ಡಿ. ವಿಮಾನ ನಿಲ್ದಾಣದ ಬಸ್ಸುಗಳಿಗೆ ಕೆಐಎ ಎಂಬ ಹೆಸರು. ನಂಬರು ಒಂದೇ ಇದ್ದು ಅಕ್ಷರ ಬದಲಾದರೆ ದಾರಿಯೂ ಬದಲಾಗಬಹುದು. ಇದನ್ನು ಯಾರೂ ಕೂಗಿ ಹೇಳುವುದಿಲ್ಲ. ಗೊತ್ತಿರುವವರಿಗೆ ಗೊತ್ತು, ಗೊತ್ತಿಲ್ಲದವರು ನಿಂತೇ ಇರುತ್ತಾರೆ.

ನಾನೂ ಇಪ್ಪತ್ತರ ಆಸುಪಾಸಿನಲ್ಲಿ ಓದಿಗಾಗಿ ಬೆಂಗಳೂರಿಗೆ ಹೋದಾಗ ಮೆಜೆಸ್ಟಿಕ್‌ನಲ್ಲಿ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಅರ್ಧ ಗಂಟೆ ಸುತ್ತಿದವನು. ಬೋರ್ಡಿನಲ್ಲಿ ನಂಬರು ಓದಿದೆ, ಅಕ್ಷರ ಓದಲಿಲ್ಲ. ಎಲ್ಲಿಯೋ ಇಳಿದು ನಡೆದು ಬರುವಾಗ ಸಂಜೆಯ ಪ್ರಾರ್ಥನೆ ಮುಗಿದಿತ್ತು. ನಮ್ಮ ಹಿರಿಯ ಸಹಪಾಠಿಯೊಬ್ಬರು ನಗುತ್ತಾ, "ನಾಳೆ ನನ್ನೊಟ್ಟಿಗೆ ಬನ್ನಿ ಬ್ರದರ್" ಎಂದರು. ಮರುದಿನ ಒಂದೇ ಸುತ್ತಿನಲ್ಲಿ ಎಲ್ಲ ಕಲಿಸಿಕೊಟ್ಟರು. ಆ ಒಂದು ದಿನದ ಉಪಕಾರವನ್ನು ಇಂದಿಗೂ ಮರೆತಿಲ್ಲ.

ಈಗ ಮೊಬೈಲಿನಲ್ಲಿ ನಕ್ಷೆ ಇದೆ, ನಮ್ಮ ಬಿಎಂಟಿಸಿ ಎಂಬ ಆ್ಯಪ್ ಇದೆ, ಮತ್ತೆ ಯಾಕೆ ಕಲಿಸಬೇಕು ಎಂದು ಕೆಲವರು ಕೇಳಬಹುದು. ಮೊಬೈಲು ಯಾವ ಬಸ್ಸು ಎಂದು ಹೇಳುತ್ತದೆ ನಿಜ. ಆದರೆ ಫ್ಲೈಓವರಿನ ಮೇಲೆ ಹೋಗುವ ಬಸ್ಸು ಯಾವುದು, ಕೆಳಗೆ ನಿಲ್ಲುವ ಬಸ್ಸು ಯಾವುದು, ರಾತ್ರಿ ಯಾವ ಅಂಡರ್‌ಪಾಸ್ ದಾಟಬಾರದು, ಯಾವ ನಿಲ್ದಾಣದಲ್ಲಿ ಇಳಿದರೆ ಬೆಳಕಿರುವ ರಸ್ತೆಯಲ್ಲಿ ನಡೆಯಬಹುದು ಎಂಬುದನ್ನು ಹೇಳಲು ಮನುಷ್ಯರೇ ಬೇಕು.

ಮುಂಬಯಿ ಕಲಿಸಿದ ಪಾಠ

ನಮ್ಮ ಹಿರಿಯರ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ಆರಂಭಿಸುವ ಮೊದಲೇ ಕರಾವಳಿಯ ಸಾವಿರಾರು ಯುವಕರು ಬಸ್ಸಿನಲ್ಲಿ ಕುಲುಕಾಡುತ್ತಾ ಮುಂಬಯಿ ಸೇರಿದ್ದರು. ಅಲ್ಲಿಯ ಲೋಕಲ್ ರೈಲು ಬೆಂಗಳೂರಿನ ಬಸ್ಸಿಗಿಂತ ಕಠಿಣ ಪರೀಕ್ಷೆ. ಸ್ಲೋ ಯಾವುದು, ಫಾಸ್ಟ್ ಯಾವುದು, ದಾದರಿನಲ್ಲಿ ವೆಸ್ಟರ್ನ್‌ನಿಂದ ಸೆಂಟ್ರಲ್‌ಗೆ ಹೇಗೆ ದಾಟುವುದು, ಬರುವ ನಿಲ್ದಾಣದ ಪ್ಲಾಟ್‌ಫಾರ್ಮು ಎಡಕ್ಕೋ ಬಲಕ್ಕೋ, ಇವೆಲ್ಲ ಗೊತ್ತಿರಬೇಕು. ಬೋರಿವಲಿಯಲ್ಲಿ ಇಳಿಯುವವನು ವಿರಾರ್ ಫಾಸ್ಟ್ ಹತ್ತಿದರೆ ಒಳಗಿದ್ದವರ ಬೈಗುಳ ತಪ್ಪಿದ್ದಲ್ಲ ಎಂಬುದು ಅಲ್ಲಿ ದುಡಿದ ಎಲ್ಲರಿಗೂ ಗೊತ್ತು.

ಆದರೆ ಆ ತಲೆಮಾರು ಒಂಟಿಯಾಗಿ ಕಲಿಯಲಿಲ್ಲ. ಅಂಧೇರಿಯಲ್ಲೋ ಕಲಿನಾದಲ್ಲೋ ಚಿಕ್ಕಪ್ಪನ ಕೋಣೆ ಇರುತ್ತಿತ್ತು, ಇಲ್ಲವೇ ಊರಿನವರೇ ಹತ್ತು ಜನ ಸೇರಿ ಬಾಡಿಗೆಗೆ ಹಿಡಿದ ಖೋಲಿ. ಗೋವಾದವರಿಗೆ ಧೋಬಿ ತಲಾವ್ ಸುತ್ತಮುತ್ತ ತಮ್ಮ ತಮ್ಮ ಊರಿನ ಹೆಸರಿನ ಕುಡ್ಡ್‌ಗಳಿದ್ದವು. ಹೊಸಬ ಬಂದ ದಿನ ಹಳಬನೊಬ್ಬ ಅವನೊಟ್ಟಿಗೆ ಹೋಗಿ ಸೀಸನ್ ಪಾಸ್ ಮಾಡಿಸಿಕೊಡುತ್ತಿದ್ದ, ಕಚೇರಿಯ ಬಾಗಿಲಿನವರೆಗೂ ಬಿಟ್ಟುಬರುತ್ತಿದ್ದ. ಭಾನುವಾರ ಯಾವ ಚರ್ಚಿನಲ್ಲಿ ಕೊಂಕಣಿ ಪೂಜೆ ಇದೆ ಎಂದೂ ಅವನೇ ತೋರಿಸುತ್ತಿದ್ದ. ಲೋಕಲ್ ರೈಲು ಕಲಿಯುವುದೂ ಸಮುದಾಯ ಸೇರುವುದೂ ಒಂದೇ ಕೆಲಸವಾಗಿತ್ತು.

ಇಂದು ಬೆಂಗಳೂರಿಗೆ ಹೋಗುವ ಮಗು ಪಿಜಿಯಲ್ಲಿ ಇಳಿದುಕೊಳ್ಳುತ್ತದೆ. ಪಕ್ಕದ ಮಂಚದವರು ಬೇರೆ ರಾಜ್ಯದವರು, ಅವರೂ ಹೊಸಬರೇ. ಹಳಬನೊಬ್ಬ ಜೊತೆಗೆ ಬರುವ ಪದ್ಧತಿ ಕಳಚಿಹೋಗಿದೆ. ಅದರ ಜಾಗಕ್ಕೆ ಮೊಬೈಲು ಬಂದಿದೆ. ಮೊಬೈಲಿನಲ್ಲಿ ಸುಲಭವಾಗಿ ಸಿಗುವುದು ಬಸ್ಸಿಗಿಂತ ಮೊದಲು ಆಟೊ ಮತ್ತು ಕಾರು.

ಕೊನೆಯ ಎರಡು ಕಿಲೋಮೀಟರಿನ ಬೆಲೆ

ಈಗ ಲೆಕ್ಕಕ್ಕೆ ಬರೋಣ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೊ ಮೀಟರಿನ ಕನಿಷ್ಠ ದರ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ನಂತರದ ಪ್ರತಿ ಕಿ.ಮೀ.ಗೆ 18 ರೂಪಾಯಿ ಎಂದು ನಿಗದಿಯಾಯಿತು. ಹತ್ತು ಕಿ.ಮೀ. ದೂರದ ಕಚೇರಿಗೆ ಮೀಟರಿನ ಪ್ರಕಾರವೇ ಹೋದರೂ ಒಂದು ಕಡೆಗೆ 180 ರೂಪಾಯಿ. ಹೋಗಿ ಬರಲು 360. ತಿಂಗಳಿಗೆ 25 ದಿನ ಎಂದರೆ 9,000 ರೂಪಾಯಿ. ಮೊದಲ ಕೆಲಸದ ಸಂಬಳದಲ್ಲಿ ಇದು ಎಷ್ಟು ಪಾಲು ಎಂಬುದನ್ನು ಪ್ರತ್ಯೇಕ ಹೇಳಬೇಕಾಗಿಲ್ಲ.

ಅದೇ ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 2025ರ ಜನವರಿಯ ದರ ಏರಿಕೆಯಲ್ಲಿ 1,050ರಿಂದ 1,200 ರೂಪಾಯಿಗೆ ಏರಿತು. ದಿನದ ಪಾಸ್ 70ರಿಂದ 80 ಆಯಿತು. ಏರಿಕೆಯ ನಂತರವೂ ಆಟೊದ ಲೆಕ್ಕದೊಂದಿಗೆ ಹೋಲಿಸಿದರೆ ಇದು ಏಳನೆಯ ಒಂದು ಪಾಲಿಗಿಂತ ಕಡಿಮೆ. ಪಾಸ್ ಇದ್ದರೆ ಇನ್ನೊಂದು ಲಾಭವೂ ಇದೆ. ತಪ್ಪು ಬಸ್ಸು ಹತ್ತಿದರೂ ನಷ್ಟವಿಲ್ಲ. ಇಳಿದು ಬೇರೆ ಬಸ್ಸು ಹತ್ತಬಹುದು. ಹೊಸಬರಿಗೆ ಮೊದಲ ವಾರ ದಿನದ ಪಾಸ್ ತೆಗೆದುಕೊಳ್ಳಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಆ 80 ರೂಪಾಯಿ ಕಲಿಕೆಯ ಶುಲ್ಕ ಎಂದುಕೊಳ್ಳಬೇಕು. ಚಿಲ್ಲರೆಯ ತಕರಾರೂ ಇಲ್ಲ. ಟಿಕೆಟಿನ ಹಿಂದೆ ಕಂಡಕ್ಟರ್ ಬರೆದುಕೊಟ್ಟ ಬಾಕಿ ಹಣವನ್ನು ಮರೆತು ಇಳಿದುಹೋಗುವ ಹಳೆಯ ಸಂಕಟವೂ ಇಲ್ಲ.

ಹಾಗಿದ್ದರೆ ಎಲ್ಲರೂ ಬಸ್ಸಿನಲ್ಲೇ ಹೋಗಬಹುದಲ್ಲ? ಇಲ್ಲೇ ಸಮಸ್ಯೆಯ ಮೂಲ ಇರುವುದು. ಬಸ್ಸು ಅಥವಾ ಮೆಟ್ರೊ ನಿಲ್ದಾಣದಿಂದ ಕಚೇರಿಯವರೆಗೆ, ನಿಲ್ದಾಣದಿಂದ ಪಿಜಿಯವರೆಗೆ ಇರುವ ಕೊನೆಯ ಒಂದೆರಡು ಕಿ.ಮೀ.ಗೆ ಬಸ್ಸಿಲ್ಲ, ಸರಿಯಾದ ಕಾಲುದಾರಿಯಿಲ್ಲ. ಆ ಎರಡು ಕಿ.ಮೀ.ಗೆ ದಿನಕ್ಕೆ ಎರಡು ಸಲ ಆಟೊ ಹಿಡಿದರೆ 72 ರೂಪಾಯಿ, 25 ದಿನಕ್ಕೆ 1,800 ರೂಪಾಯಿ. ಅಂದರೆ ಇಡೀ ನಗರ ಸುತ್ತುವ ತಿಂಗಳ ಪಾಸಿಗಿಂತ ಕೊನೆಯ ಎರಡು ಕಿ.ಮೀ. ದುಬಾರಿ! ಪಿಜಿ ಹುಡುಕುವಾಗ ಕಚೇರಿಯಿಂದ ಎಷ್ಟು ದೂರ ಎಂದಷ್ಟೇ ನೋಡದೆ, ನಡೆದು ಹೋಗುವಷ್ಟು ಹತ್ತಿರ ಬಸ್ ನಿಲ್ದಾಣವೋ ಮೆಟ್ರೊವೋ ಇದೆಯೇ ಎಂದು ನೋಡಬೇಕು. ಬಾಡಿಗೆ ಸಾವಿರ ರೂಪಾಯಿ ಹೆಚ್ಚಾದರೂ ತಿಂಗಳ ಕೊನೆಗೆ ಅದೇ ಲಾಭ.

ಮೆಟ್ರೊ: ಸುಲಭ, ಆದರೆ ಎಲ್ಲರಿಗೂ ಅಲ್ಲ

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಲು ಆರಂಭಿಸಿದ ನಮ್ಮ ಮೆಟ್ರೊ ಈಗ ಬಹಳ ಬೆಳೆದಿದೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಯಿತು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರ ತಲುಪಿತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿ.ಮೀ. ಹಳದಿ ಮಾರ್ಗ ಉದ್ಘಾಟನೆಯಾಯಿತು. ಮರುದಿನ ಜನರಿಗೆ ತೆರೆದಾಗ ಮೆಟ್ರೊದ ಒಂದು ದಿನದ ಪ್ರಯಾಣಿಕರ ಸಂಖ್ಯೆ 10 ಲಕ್ಷ ದಾಟಿತು. ಆದರೆ ಆ ಮಾರ್ಗದಲ್ಲಿ ಆಗ ಇದ್ದದ್ದು ಮೂರೇ ರೈಲು, ಓಡಿದ್ದು 25 ನಿಮಿಷಕ್ಕೊಂದು. ಐಟಿ ಕಂಪೆನಿಗಳು ತುಂಬಿರುವ ಹೊರವರ್ತುಲ ರಸ್ತೆಯ ನೀಲಿ ಮಾರ್ಗದಲ್ಲಿ 2025ರ ಕೊನೆಯವರೆಗೂ ರೈಲು ಓಡಿರಲಿಲ್ಲ.

ನಮ್ಮ ಊರಿನವರಿಗೆ ಹಸಿರು ಮಾರ್ಗ ಒಂದು ವರದಾನ. ಮಂಗಳೂರಿನಿಂದ ಹಾಸನ, ನೆಲಮಂಗಲ ದಾರಿಯಾಗಿ ಬರುವ ಬಸ್ಸುಗಳು ತುಮಕೂರು ರಸ್ತೆಯ ಮೂಲಕವೇ ನಗರ ಪ್ರವೇಶಿಸುತ್ತವೆ. ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಗೊರಗುಂಟೆಪಾಳ್ಯ ಎಲ್ಲ ಕಡೆ ಮೆಟ್ರೊ ನಿಲ್ದಾಣವಿದೆ. ಅಲ್ಲಿ ಇಳಿದು ಹಸಿರು ಮಾರ್ಗ ಹತ್ತಿದರೆ ಮೆಜೆಸ್ಟಿಕ್‌ನಲ್ಲಿ ನೇರಳೆಗೆ, ಆರ್.ವಿ. ರಸ್ತೆಯಲ್ಲಿ ಹಳದಿಗೆ ಬದಲಾಯಿಸಬಹುದು. ಬೆಳಗಿನ ಹೊತ್ತು ಬಾಯಿಗೆ ಬಂದ ದರ ಕೇಳುವ ಆಟೊದ ಗೊಡವೆಯೇ ಬೇಡ. ಭಾನುವಾರ ರಾತ್ರಿ ಊರಿನಿಂದ ಹೊರಟು ಸೋಮವಾರ ಬೆಳಿಗ್ಗೆ ತಲುಪುವವರ ಅನುಕೂಲಕ್ಕಾಗಿಯೇ 2025ರ ಜನವರಿ 13ರಿಂದ ಸೋಮವಾರಗಳಂದು ಮೆಟ್ರೊ ಮುಂಜಾನೆ 4.15ಕ್ಕೆ ಆರಂಭವಾಗುವ ವ್ಯವಸ್ಥೆ ಬಂತು. ಇದು ಗೊತ್ತಿಲ್ಲದೆ ಬೆಳಕಾಗುವವರೆಗೆ ರಸ್ತೆ ಬದಿಯಲ್ಲಿ ಕುಳಿತಿದ್ದವರನ್ನು ನಾನೇ ಕಂಡಿದ್ದೇನೆ.

ಆದರೆ ದರ? 2025ರ ಫೆಬ್ರವರಿ 9ರಂದು ಮೆಟ್ರೊ ದರ ಪರಿಷ್ಕರಣೆಯಾಗಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಜನರು ಪ್ರತಿಭಟಿಸಿದ ಮೇಲೆ ಕೆಲವು ದೂರಗಳಿಗೆ ಸ್ವಲ್ಪ ಇಳಿಸಿದರೂ 90 ರೂಪಾಯಿ ಹಾಗೆಯೇ ಉಳಿಯಿತು. ಮೊದಲ ವಾರಗಳಲ್ಲಿ ಪ್ರಯಾಣಿಕರ ಸಂಖ್ಯೆಯೂ ಇಳಿಯಿತು. ಊರ ಹೊರಗೆ ಅಗ್ಗದ ಬಾಡಿಗೆಗೆ ಇದ್ದು, ಗರಿಷ್ಠ ದರ ಕೊಟ್ಟು ಬರುವವನಿಗೆ ಆ ಲೆಕ್ಕದಲ್ಲಿ 25 ದಿನಕ್ಕೆ 4,500 ರೂಪಾಯಿ. ಸ್ಮಾರ್ಟ್ ಕಾರ್ಡಿನ ರಿಯಾಯಿತಿ ಕಳೆದರೂ ನಾಲ್ಕು ಸಾವಿರ ದಾಟುತ್ತದೆ. ಅವನು ಏನು ಮಾಡುತ್ತಾನೆ? ಕಂತಿನಲ್ಲಿ ಬೈಕ್ ತೆಗೆದುಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ಮೀರಿದೆ. 2024ರಲ್ಲಿ ಆ ನಗರದಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕಾಯಿತು ಎಂದು ಟಾಮ್‌ಟಾಮ್ ಸಂಸ್ಥೆಯ ವರದಿ ಹೇಳಿತು. 2023ರಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ 900ಕ್ಕೂ ಹೆಚ್ಚು ಮಂದಿ ಅಪಘಾತದಲ್ಲಿ ತೀರಿಕೊಂಡರು. ಅವರಲ್ಲಿ ದ್ವಿಚಕ್ರ ಸವಾರರು ಮತ್ತು ಪಾದಚಾರಿಗಳೇ ಹೆಚ್ಚು. ಬೆಂಗಳೂರಿನಿಂದ ಬಂದ ಶವಪೆಟ್ಟಿಗೆಯ ಮುಂದೆ ನಿಂತು ಪ್ರಾರ್ಥಿಸಿದ ನನ್ನಂತಹ ಗುರುಗಳಿಗೆ ಇದು ಬರೀ ಅಂಕಿ ಅಂಶವಲ್ಲ. "ಬೈಕ್ ತೆಗೆದುಕೊಡದೆ ಇದ್ದಿದ್ದರೆ" ಎಂದು ಅಳುವ ತಂದೆಗೆ ಹೇಳಲು ನಮ್ಮಲ್ಲಿ ಮಾತಿರುವುದಿಲ್ಲ.

ಶಕ್ತಿ ಯೋಜನೆ: ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು, ಸಿಗದ್ದು

2023ರ ಜೂನ್ 11ರಂದು ರಾಜ್ಯ ಸರ್ಕಾರ ಆರಂಭಿಸಿದ ಶಕ್ತಿ ಯೋಜನೆಯ ಬಗ್ಗೆ ಪರ ವಿರೋಧ ಚರ್ಚೆ ಸಾಕಷ್ಟು ನಡೆದಿದೆ. 2025ರ ಜುಲೈ 14ರಂದು ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ನಮ್ಮ ಕರಾವಳಿಯಲ್ಲಿ ಮಾತ್ರ ಇದರ ಬಿಸಿ ಅಷ್ಟಾಗಿ ತಟ್ಟಲಿಲ್ಲ, ಯಾಕೆಂದರೆ ಯೋಜನೆ ಇರುವುದು ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ. ನಮ್ಮ ಖಾಸಗಿ ಬಸ್ಸುಗಳಲ್ಲಿ ಎಲ್ಲರೂ ಟಿಕೆಟಿಗೆ ಹಣ ಕೊಡಲೇಬೇಕು. ಹೀಗಾಗಿ ನಮ್ಮ ಎಷ್ಟೋ ಹೆಣ್ಣುಮಕ್ಕಳು ಶಕ್ತಿಯ ಉಚಿತ ಟಿಕೆಟನ್ನು ಮೊದಲು ನೋಡುವುದು ಬೆಂಗಳೂರಿಗೆ ಹೋದ ಮೇಲೆಯೇ.

ಇಲ್ಲಿ ಮೂರು ವಿಷಯ ತಿಳಿದಿರಬೇಕು. ಒಂದು, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಎರಡು, ಹವಾನಿಯಂತ್ರಿತ ಬಸ್ಸುಗಳಲ್ಲಿ ಈ ಸೌಲಭ್ಯವಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವ ವಾಯು ವಜ್ರ ಹತ್ತಿ ಆಧಾರ್ ತೋರಿಸಿದರೆ ಪ್ರಯೋಜನವಿಲ್ಲ. ಮೂರು, ಹಣ ಕೊಡದಿದ್ದರೂ ಶೂನ್ಯ ದರದ ಟಿಕೆಟನ್ನು ಕೇಳಿ ಪಡೆಯಲೇಬೇಕು.

ಮೊದಲನೆಯ ವಿಷಯ ನಮ್ಮ ಧರ್ಮಪ್ರಾಂತ್ಯಕ್ಕೆ ವಿಶೇಷವಾಗಿ ತಟ್ಟುತ್ತದೆ. ಮಂಗಳೂರು ಧರ್ಮಪ್ರಾಂತ್ಯದ ಒಂದು ಭಾಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಬೇಳ, ಕಯ್ಯಾರು ಕಡೆಯ ಹುಡುಗಿ ಮನೆಯಲ್ಲಿ ಕೊಂಕಣಿ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಮಂಗಳೂರಿನಲ್ಲಿ ಕಾಲೇಜು ಮುಗಿಸಿರಬಹುದು. ಆದರೆ ಅವಳ ಆಧಾರ್‌ನಲ್ಲಿ ವಿಳಾಸ ಕೇರಳದ್ದು. ಒಂದೇ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಮುಡಿಪಿನ ಗೆಳತಿಗೆ ಉಚಿತ, ಇವಳಿಗೆ ಟಿಕೆಟ್. ರಾಜ್ಯದ ಹಣ ರಾಜ್ಯದವರಿಗೆ ಎಂಬುದು ಸರ್ಕಾರದ ದೃಷ್ಟಿಯಲ್ಲಿ ಸರಿಯೇ ಇರಬಹುದು. ಆದರೆ ಇಂತಹ ಮಕ್ಕಳಿಗೆ ಮುಂಚೆಯೇ ತಿಳಿಸಿ ಪಾಸ್ ಮಾಡಿಸಿಕೊಳ್ಳಲು ಹೇಳಿದರೆ ತುಂಬಿದ ಬಸ್ಸಿನಲ್ಲಿ ಆಗುವ ಮುಜುಗರ ತಪ್ಪುತ್ತದೆ. ವಿದ್ಯಾರ್ಥಿಗಳಾಗಿದ್ದರೆ ಸೇವಾ ಸಿಂಧು ಮೂಲಕ ರಿಯಾಯಿತಿ ಪಾಸಿಗೆ ಅರ್ಜಿ ಹಾಕಬಹುದು.

ಒಟ್ಟಿನಲ್ಲಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಒಂದು ಕೈಯಲ್ಲಿ ಸಾಮಾನ್ಯ ಬಸ್ಸನ್ನು ಮಹಿಳೆಯರಿಗೆ ಉಚಿತ ಮಾಡಲಾಯಿತು. ಇನ್ನೊಂದು ಕೈಯಲ್ಲಿ ಬಸ್ಸಿನ ದರವನ್ನೂ ಮೆಟ್ರೊ ದರವನ್ನೂ ಒಂದೂವರೆ ತಿಂಗಳೊಳಗೆ ಏರಿಸಲಾಯಿತು. ಆಟೊ ದರವೂ ಅದೇ ವರ್ಷ ಏರಿತು. ಬಸ್ಸು, ಮೆಟ್ರೊ, ಆಟೊ ಮೂರೂ ಸೇರಿ ಒಬ್ಬ ಮನುಷ್ಯನ ಒಂದು ಪ್ರಯಾಣ ಆಗುತ್ತದೆ ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ. ಬೇರೆ ಬೇರೆ ಕಚೇರಿಗಳಲ್ಲಿ ಬೇರೆ ಬೇರೆ ದರ ನಿರ್ಧಾರವಾದರೂ, ಹಣ ಹೋಗುವುದು ಒಂದೇ ಕಿಸೆಯಿಂದ.

ಗೌರವದ ಪ್ರಶ್ನೆ

ಇನ್ನೊಂದು ಮಾತು ಹೇಳಲೇಬೇಕು. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಂದ ಒಬ್ಬ ರೈತನನ್ನು ಬಟ್ಟೆ ನೋಡಿ ತಡೆದ ಘಟನೆ ನಿಮಗೆ ನೆನಪಿರಬಹುದು. ಅವನ ಕೈಯಲ್ಲಿ ಟಿಕೆಟ್ ಇತ್ತು. ಅಲ್ಲಿದ್ದ ಸಹಪ್ರಯಾಣಿಕರು ಅವನ ಪರವಾಗಿ ನಿಂತು ಪ್ರಶ್ನಿಸಿದರು, ಕೊನೆಗೆ ಅವನು ಒಳಗೆ ಹೋದ. ವಿಡಿಯೊ ಹರಡಿದ ಮೇಲೆ ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದು ವಿಷಾದ ವ್ಯಕ್ತಪಡಿಸಿತು.

ಸಾರ್ವಜನಿಕ ಸಾರಿಗೆಯಲ್ಲಿ "ಸಾರ್ವಜನಿಕ" ಎಂಬ ಮಾತಿನ ಅರ್ಥ ಏನು ಎಂಬುದನ್ನು ಆ ದಿನ ತೋರಿಸಿಕೊಟ್ಟವರು ಆ ಸಹಪ್ರಯಾಣಿಕರು. ಗಾಜಿನ ಬಾಗಿಲು, ತಾನಾಗಿ ತೆರೆಯುವ ಗೇಟು, ಮೇಲೇರುವ ಎಸ್ಕಲೇಟರ್ ನೋಡಿ ಹಿಂಜರಿಯುವವರು ರೈತರು ಮಾತ್ರವಲ್ಲ. ಮಗಳ ಬಾಣಂತನಕ್ಕೆಂದು ಬೆಳ್ತಂಗಡಿಯಿಂದ ಹೋದ ಬಾಯಮ್ಮನವರೂ ಎಸ್ಕಲೇಟರಿನ ಮುಂದೆ ಸೀರೆ ಎತ್ತಿ ಹಿಡಿದು ನಿಂತುಬಿಡುತ್ತಾರೆ. ಹಿಂದಿನವರು "ಬೇಗ ಹೋಗಿ" ಎಂದಾಗ ಅವರ ಮುಖ ಸಣ್ಣದಾಗುತ್ತದೆ. ಕೈ ಹಿಡಿದು ಲಿಫ್ಟ್ ತೋರಿಸುವವರು ಒಬ್ಬರಿದ್ದರೆ ಸಾಕು.

ಪೋಪ್ ಫ್ರಾನ್ಸಿಸ್ ಅವರು ಬ್ಯೂನಸ್ ಐರಿಸ್‌ನ ಮಹಾಧರ್ಮಾಧ್ಯಕ್ಷರಾಗಿದ್ದಾಗ ಬಸ್ಸು ಮತ್ತು ಸುರಂಗ ರೈಲಿನಲ್ಲಿ ಓಡಾಡುತ್ತಿದ್ದುದು ಎಲ್ಲರಿಗೂ ಗೊತ್ತಿರುವ ಸಂಗತಿ. 2015ರಲ್ಲಿ ಅವರು ಪ್ರಕಟಿಸಿದ ಲೌದಾತೊ ಸಿ ವಿಶ್ವಪತ್ರದ 153ನೇ ಪರಿಚ್ಛೇದ ನಗರಗಳ ಸಾರಿಗೆಯ ಬಗ್ಗೆಯೇ ಇದೆ. ಸಾರ್ವಜನಿಕ ಸಾರಿಗೆಗೆ ಆದ್ಯತೆ ಸಿಗಬೇಕು ಎಂಬ ತಜ್ಞರ ಅಭಿಪ್ರಾಯವನ್ನು ಅದು ಎತ್ತಿ ಹೇಳುತ್ತದೆ. ಜೊತೆಗೆ ನೂಕುನುಗ್ಗಲು, ಅಪರೂಪಕ್ಕೆ ಬರುವ ವಾಹನ, ಅಸುರಕ್ಷತೆ ಇವುಗಳಿಂದ ಪ್ರಯಾಣಿಕರ ಘನತೆಗೆ ಕುಂದು ಬರುತ್ತದೆ ಎಂದೂ ಎಚ್ಚರಿಸುತ್ತದೆ. ಜನ ಬಸ್ಸಿನಲ್ಲಿ ಹೋಗಬೇಕು ಎಂದು ಉಪದೇಶ ಮಾಡಿದರೆ ಸಾಲದು, ಹೋಗುವಂತಹ ಬಸ್ಸೂ ಇರಬೇಕು ಎಂಬುದು ಅದರ ಸಾರ. ಸ್ವಂತ ಕಾರಿನಲ್ಲಿ ಓಡಾಡುವ ನಾವು ಗುರುಗಳೂ ಇದನ್ನು ನೆನಪಿಡುವುದು ಒಳ್ಳೆಯದು.

ನಾವೇನು ಮಾಡಬಹುದು?

ದರ ಇಳಿಸುವುದು, ಕಾಲುದಾರಿ ಕಟ್ಟುವುದು, ಬಸ್ಸು ಹೆಚ್ಚಿಸುವುದು ಸರ್ಕಾರದ ಕೆಲಸ. ಅದಕ್ಕಾಗಿ ದನಿ ಎತ್ತಬೇಕು. ಆದರೆ ಅದು ಆಗುವವರೆಗೆ ಕಾಯದೆ ನಮ್ಮ ಚರ್ಚುಗಳ ಮಟ್ಟದಲ್ಲಿ ಮಾಡಬಹುದಾದ ಕೆಲಸಗಳಿವೆ. ಇವುಗಳಿಗೆ ಖರ್ಚಿಲ್ಲ, ಸಭೆ ಸಮಾರಂಭವೂ ಬೇಡ.

ಮೊದಲನೆಯದಾಗಿ, ಪ್ರತಿ ವಾಳೆಯ ಗುರಿಕಾರರಿಗೆ ತಮ್ಮ ವಾಳೆಯಿಂದ ಬೆಂಗಳೂರು, ಮುಂಬಯಿ, ಪುಣೆ ಕಡೆ ಹೋದವರು ಯಾರು ಎಂದು ಗೊತ್ತಿರುತ್ತದೆ. ಹೊಸದಾಗಿ ಹೊರಟವರ ನಂಬರನ್ನು, ಅವರ ಒಪ್ಪಿಗೆ ಪಡೆದು, ಅದೇ ಕಡೆ ಇರುವ ಹಳಬರೊಬ್ಬರಿಗೆ ಕೊಟ್ಟರೆ ಸಾಕು. ಹುಡುಗಿಯರಿಗೆ ಹುಡುಗಿಯರೇ ಜೊತೆಯಾದರೆ ಒಳ್ಳೆಯದು.

ಎರಡನೆಯದಾಗಿ, ಹಳಬರು ಕೆಲಸ ಶುರುವಾಗುವ ಮೊದಲಿನ ಭಾನುವಾರ ಹೊಸಬರನ್ನು ಒಂದು ಸುತ್ತು ಕರೆದುಕೊಂಡು ಹೋಗಲಿ. ಪಿಜಿಯಿಂದ ಕಚೇರಿಗೆ, ಕಚೇರಿಯಿಂದ ಹತ್ತಿರದ ಚರ್ಚಿಗೆ, ಅಲ್ಲಿಂದ ಒಂದು ಆಸ್ಪತ್ರೆಗೆ. ಬಸ್ಸಿನಲ್ಲಿಯೇ ಹೋಗಲಿ, ಕಾರಿನಲ್ಲಿ ಬೇಡ. ಎದುರು ಬದಿಯ ನಿಲ್ದಾಣ ಎಲ್ಲಿದೆ ಎಂದು ತೋರಿಸಲಿ. ರಾತ್ರಿಯ ಕೊನೆಯ ಬಸ್ಸು, ಕೊನೆಯ ಮೆಟ್ರೊ ಎಷ್ಟು ಗಂಟೆಗೆ ಎಂದು ಹೇಳಲಿ. ಭಾನುವಾರ ಮೆಟ್ರೊ ಬೆಳಿಗ್ಗೆ ತಡವಾಗಿ ಆರಂಭವಾಗುವುದರಿಂದ ಮೊದಲ ಪೂಜೆಗೆ ಬಸ್ಸೇ ಗತಿ ಎಂಬುದನ್ನೂ ತಿಳಿಸಲಿ. ಎಷ್ಟೋ ಮಕ್ಕಳು ಪೂಜೆ ತಪ್ಪಿಸುವುದು ಭಕ್ತಿ ಇಲ್ಲದ್ದಕ್ಕಲ್ಲ, ದಾರಿ ಗೊತ್ತಿಲ್ಲದ್ದಕ್ಕೆ.

ಮೂರನೆಯದಾಗಿ, ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮಗ ಬೈಕ್ ಕೇಳಿದ ಕೂಡಲೇ ಸಾಲ ಮಾಡಬೇಡಿ. ಆರು ತಿಂಗಳು ಬಸ್ಸು, ಮೆಟ್ರೊದಲ್ಲಿ ಓಡಾಡಲಿ. ನಗರದ ದಾರಿ, ವೇಗ, ಅಪಾಯ ಎಲ್ಲ ತಿಳಿಯಲಿ. ಆಮೇಲೂ ಬೇಕೇ ಬೇಕು ಎಂದಾದರೆ ಯೋಚಿಸಿ. ಹಾಗೆಯೇ ಮಗಳು ಫೋನಿನಲ್ಲಿ "ಬಸ್ಸು ತಪ್ಪಿತು" ಎಂದರೆ ಬೈಯಬೇಡಿ. ಬೈದರೆ ಮುಂದಿನ ಸಲ ಅವಳು ಹೇಳುವುದಿಲ್ಲ, ಅಷ್ಟೇ.

ಯುವಜನರಿಗೂ ಒಂದು ಮಾತು. ಕೇಳುವುದರಲ್ಲಿ ನಾಚಿಕೆಯಿಲ್ಲ. ನಿಮ್ಮ ಪಕ್ಕದಲ್ಲಿ ಮೊಬೈಲು ನೋಡುತ್ತಾ ನಿಂತವರಲ್ಲಿ ಹೆಚ್ಚಿನವರು ಒಂದು ದಿನ ನಿಮ್ಮ ಹಾಗೆಯೇ ತಪ್ಪು ಬಸ್ಸು ಹತ್ತಿದವರೇ. ಹತ್ತುವ ಮೊದಲು ಕಂಡಕ್ಟರನ್ನೋ ಡ್ರೈವರನ್ನೋ ಒಂದು ಸಲ "ಇಂಥಲ್ಲಿಗೆ ಹೋಗ್ತದಾ ಸರ್?" ಎಂದು ಕೇಳಿದರೆ ಗಂಟು ಹೋಗುವುದೇನಿಲ್ಲ. ನಮ್ಮ ಮಂಗಳೂರು ಕನ್ನಡ ಕೇಳಿ ಅವರು ನಕ್ಕರೂ, ದಾರಿ ಸರಿಯಾಗಿಯೇ ಹೇಳುತ್ತಾರೆ.

ಫೋನ್ ಮಾಡಿದ್ದ ಆ ಹುಡುಗಿಗೆ ನಾನು ಅವಳ ಪಿಜಿಯ ಹತ್ತಿರವೇ ಇದ್ದ ನಮ್ಮ ಚರ್ಚಿನ ಇನ್ನೊಬ್ಬಳ ನಂಬರು ಕೊಟ್ಟೆ. ಅವಳು ಅಲ್ಲಿ ನಾಲ್ಕು ವರ್ಷದಿಂದ ಇದ್ದವಳು. ಇಬ್ಬರ ವಾಳೆ ಬೇರೆಯಾದ್ದರಿಂದ ಪರಿಚಯ ಇರಲಿಲ್ಲ. ಒಂದು ಭಾನುವಾರ ಇಬ್ಬರೂ ಸೇರಿ ಬಸ್ಸಿನಲ್ಲಿ ಸುತ್ತಿದರು. ಕಳೆದ ತಿಂಗಳು ಮತ್ತೆ ಫೋನ್ ಬಂತು. ಈ ಸಲ ಬಸ್ಸಿನ ದೂರು ಇರಲಿಲ್ಲ. "ಫಾದರ್, ನಮ್ಮ ಪಿಜಿಗೆ ಕಾರ್ಕಳದ ಹುಡುಗಿ ಒಬ್ಬಳು ಬಂದಿದ್ದಾಳೆ. ಪಾಪ, ಎಂತದೂ ಗೊತ್ತಿಲ್ಲ. ಈ ಭಾನುವಾರ ನಾನೇ ಕರೆದುಕೊಂಡು ಹೋಗ್ತೇನೆ" ಎಂದಳು.

ಮುಂದಿನ ಸಲ ಊರು ಬಿಡುವ ಮಗುವಿನ ಶಿರದ ಮೇಲೆ ಕೈಯಿಡುವಾಗ, ಆಶೀರ್ವಾದದ ಜೊತೆಗೆ ಅಂತಹ ಒಂದು ಫೋನ್ ನಂಬರನ್ನೂ ಕೊಡೋಣ.